ಮುಂಭಾರ, ಹಿಂಭಾರ

ಕೊಪ್ಪದ ಸುತ್ತಮುತ್ತ ಸಮತಟ್ಟಾದ ರಸ್ತೆ ಸಿಗುವುದೇ ಅಪರೂಪ. ಹರಿಹರಪುರದ ಕಡೆ ಹೊರಟರೆ ತುಂಗೆಯ ಕಣಿವೆಗೆ ಇಳಿಯಬೇಕು, ಬಾಳೆಹೊನ್ನೂರಿನ ಕಡೆ ಹೊರಟರೆ ಭದ್ರೆಯ ಕಣಿವೆಗೆ. ಅಡಿಕೆ ತೋಟ ಗುಡ್ಡದ ಬುಡದಲ್ಲಿ, ಮನೆ ಅದಕ್ಕಿಂತ ಮೇಲೆ, ಟಾರು ರಸ್ತೆ ಇನ್ನೂ ಮೇಲೆ. ಕೊನೆ, ಗೊಬ್ಬರ, ಸೊಪ್ಪು, ಜಂಬಿಟ್ಟಿಗೆ ಕಲ್ಲು, ಏನನ್ನೇ ಸಾಗಿಸಿದರೂ ಏರು ಇಳುಕಲು ತಪ್ಪುತ್ತಿರಲಿಲ್ಲ.

ನಾನು ಚಿಕ್ಕವನಿದ್ದಾಗ ಈ ಕೆಲಸವೆಲ್ಲ ಎತ್ತಿನ ಗಾಡಿಯದು. ಗಾಡಿಗೆ ಹೇರು ಹೇರುವುದನ್ನು ಅಪ್ಪಯ್ಯ ಯಾರಿಗೂ ಬಿಟ್ಟುಕೊಡುತ್ತಿರಲಿಲ್ಲ. ಮೂಟೆಗಳನ್ನು ಅಚ್ಚಿನ ಮೇಲೆ ಕೂರಿಸಿ, ಒಂದೆರಡನ್ನು ಮುಂದಕ್ಕೆ ಸರಿಸಿ, ಮೂಕಿಯನ್ನು ಕೈಯಲ್ಲಿ ಎತ್ತಿ ನೋಡುತ್ತಿದ್ದರು. ಮೂಕಿ ತಾನಾಗಿ ಮೇಲೆದ್ದರೆ ಹಿಂಭಾರ, ಎತ್ತಲು ಹೋದಾಗ ಸೊಂಟ ಹಿಡಿದರೆ ಮುಂಭಾರ. ಹಿಂಭಾರವಾದರೆ ನೊಗ ಎತ್ತಿನ ಹೆಗಲಿನಿಂದ ಮೇಲೆ ಜಗ್ಗಿ ಕಣ್ಣಿ ಕುತ್ತಿಗೆಗೆ ಬಿಗಿಯುತ್ತದೆ, ಮುಂಭಾರವಾದರೆ ಹೆಗಲು ಹುಣ್ಣಾಗುತ್ತದೆ. ಏರಿನಲ್ಲಿ ಭಾರ ಹಿಂದಕ್ಕೆ ಹೋಗುತ್ತದೆ, ಇಳುಕಲಿನಲ್ಲಿ ಮುಂದಕ್ಕೆ ಬರುತ್ತದೆ. ಹಾಗಾಗಿ ಶೃಂಗೇರಿ ದಾರಿಯ ಏರುಗಳಲ್ಲಿ ಗಾಡಿ ಹೊಡೆಯುವವರು ‘ಸ್ವಲ್ಪ ಮುಂದೆ ಬನ್ನಿ ಮಾರಾಯ್ರೆ’ ಅಂತ ಕೂತವರನ್ನು ಸರಿಸುತ್ತಿದ್ದರು. ಇಳುಕಲು ಬಂತೆಂದರೆ ಅದೇ ಜನ ಹಿಂದಕ್ಕೆ. ತೂಕದ ಆ ಲೆಕ್ಕವನ್ನು ಅವರು ಎತ್ತಿನ ಹೆಗಲು ನೋಡಿ ಕಲಿತಿದ್ದರು.

ಆಮೇಲೆ ಟಿಲ್ಲರ್ ಬಂತು. 1967ರಲ್ಲಿ ಶುರುವಾದ ಬೆಂಗಳೂರಿನ ವಿ.ಎಸ್.ಟಿ. ಕಂಪನಿ ಜಪಾನಿನ ಮಿತ್ಸುಬಿಷಿಯ ಜೊತೆಗೂಡಿ ಮಾಡಿದ ಟಿಲ್ಲರುಗಳು, ಅವುಗಳ ಹಿಂದೆಯೇ ಕೇರಳದ ಕಾಮ್ಕೋ. ಗದ್ದೆ ಉಳಲೆಂದು ತಂದ ಯಂತ್ರಕ್ಕೆ ಎರಡು ಚಕ್ರದ ಟ್ರೇಲರ್ ಸಿಕ್ಕಿಸಿದ್ದೇ ತಡ, ಊರ ಸಾಗಣೆಯೆಲ್ಲ ಅದರ ಪಾಲಾಯಿತು. ಹನ್ನೆರಡು ಹದಿಮೂರು ಹಾರ್ಸ್‌ಪವರಿನ ಎಂಜಿನ್. ಕಾಲ್ನಡಿಗೆಗಿಂತ ತುಸು ಜೋರು ಓಟ. ಜೀಪು ಹೋಗದ ತೋಟದ ದಾರಿಯಲ್ಲೂ ಅದು ಹೋಗುತ್ತಿತ್ತು. ಗಾಡಿ ಹೊಡೆಯುತ್ತಿದ್ದವರ ಮಕ್ಕಳೇ ಟಿಲ್ಲರ್ ಡ್ರೈವರುಗಳಾದರು. ಹೇರುವ ವಿದ್ಯೆ ಹಾಗೆ ಒಂದು ತಲೆಮಾರು ಉಳಿಯಿತು. ಇದು ನಮ್ಮ ಊರುಗಳ ಪುಣ್ಯ ಅಂತಲೇ ನಾನು ತಿಳಿದಿದ್ದೇನೆ.

ಆದರೆ ಟಿಲ್ಲರ್ ಎತ್ತಿಗೆ ಗೊತ್ತಿರದ ಒಂದು ಗಂಡಾಂತರವನ್ನೂ ತಂದಿತು. ಅದಕ್ಕೆ ಸ್ಟೇರಿಂಗ್ ಚಕ್ರವಿಲ್ಲ. ಎರಡು ಹಿಡಿಕೆ, ಪ್ರತಿ ಹಿಡಿಕೆಗೂ ಒಂದು ಕ್ಲಚ್ಚು. ಎಡದ ಕ್ಲಚ್ಚು ಒತ್ತಿದರೆ ಎಡ ಚಕ್ರಕ್ಕೆ ಎಂಜಿನ್ನಿನ ಶಕ್ತಿ ನಿಲ್ಲುತ್ತದೆ, ಬಲದ್ದು ಓಡುತ್ತಲೇ ಇರುವುದರಿಂದ ಟಿಲ್ಲರ್ ಎಡಕ್ಕೆ ತಿರುಗುತ್ತದೆ. ಇಳುಕಲಿನಲ್ಲಿ ಇದು ತಿರುಗಮುರುಗ. ಅಲ್ಲಿ ಹಿಂದಿನ ಹೇರು ಟಿಲ್ಲರನ್ನು ದಬ್ಬುತ್ತಿರುತ್ತದೆ, ಎಂಜಿನ್ ಚಕ್ರಗಳನ್ನು ತಡೆದು ಹಿಡಿದಿರುತ್ತದೆ. ಎಡ ಕ್ಲಚ್ಚು ಒತ್ತಿದ ಕೂಡಲೇ ಎಡ ಚಕ್ರ ಸಡಿಲವಾಗಿ ಮುಂದೆ ಓಡುತ್ತದೆ, ಬಲದ್ದು ಹಿಡಿದೇ ಇರುತ್ತದೆ. ಟಿಲ್ಲರ್ ಬಲಕ್ಕೆ ಎಳೆಯುತ್ತದೆ! ಧರೆಯ ಕಡೆ ತಿರುಗಿಸಲು ಹೋದವನನ್ನು ಅದು ಕಂದಕದ ಕಡೆ ಒಯ್ಯುತ್ತದೆ. ಟ್ರೇಲರ್ ಹಿಂದಿನಿಂದ ಮಡಚಿಕೊಂಡು ಬರುತ್ತದೆ. ಗದ್ದೆಯಲ್ಲಿ ಮಾತ್ರ ಟಿಲ್ಲರ್ ಹೊಡೆದು ಅಭ್ಯಾಸವಿದ್ದವರು ಮೊದಲ ಇಳುಕಲಿನಲ್ಲೇ ತೋಟಕ್ಕೆ ಉರುಳಿದ್ದನ್ನು ನಮ್ಮ ಕಡೆ ಕಂಡವರು ಬೇಕಾದಷ್ಟು ಜನ ಇದ್ದಾರೆ.

ಪಳಗಿದವರು ಇಳುಕಲಿಗೆ ಮೊದಲೇ ಸಣ್ಣ ಗೇರಿಗೆ ಹಾಕಿ, ಕ್ಲಚ್ಚು ಮುಟ್ಟದೆ ಹಿಡಿಕೆಯನ್ನು ಮೈಬಲದಿಂದಲೇ ತಿರುಗಿಸುತ್ತಿದ್ದರು. ಕಾಲು ಟ್ರೇಲರಿನ ಬ್ರೇಕಿನ ಮೇಲೆ. ಹಿಂದಿನ ಚಕ್ರಗಳನ್ನು ಹಿಡಿದರೆ ಟ್ರೇಲರ್ ಹಿಂದಕ್ಕೆ ಜಗ್ಗುತ್ತದೆ, ಜಗ್ಗಿದಷ್ಟೂ ಎರಡೂ ಒಂದೇ ಗೆರೆಯಲ್ಲಿ ಬರುತ್ತವೆ. ಅಮೆರಿಕದಲ್ಲಿ ಕಾರಿನ ಹಿಂದೆ ಮಲಗುವ ಮನೆಯನ್ನೇ ಎಳೆದುಕೊಂಡು ಪ್ರವಾಸ ಹೋಗುವವರಿಗೂ ಹೇಳಿಕೊಡುವುದು ಇದನ್ನೇ. ಹಿಂದಿನದು ಹಾವಿನಂತೆ ಓಲಾಡಲು ಶುರುಮಾಡಿದರೆ ಕಾರಿನ ಬ್ರೇಕ್ ಒದೆಯಬೇಡಿ, ಟ್ರೇಲರಿನ ಬ್ರೇಕನ್ನಷ್ಟೇ ಒತ್ತಿ ಅನ್ನುತ್ತಾರೆ. ಟ್ರೇಲರಿನ ಒಟ್ಟು ತೂಕದಲ್ಲಿ ನೂರಕ್ಕೆ 10ರಿಂದ 15 ಪಾಲು ಹುಕ್ಕಿನ ಮೇಲೆ ಕೂರಬೇಕೆಂಬ ಲೆಕ್ಕ ಅವರದು. ಓಲಾಟ ತಡೆಯಲು ಉಜ್ಜುವ ಪಟ್ಟಿ, ಸ್ಪ್ರಿಂಗಿನ ಸರಳು ಎಲ್ಲ ಹಾಕಿಕೊಳ್ಳುತ್ತಾರೆ. ಹೇರೇ ಹಿಂಭಾರವಾಗಿದ್ದರೆ ಆ ಸಲಕರಣೆಗಳು ಅದನ್ನು ಸರಿಮಾಡಲಾರವು. ಮೂಕಿ ಎತ್ತಿ ನೋಡುತ್ತಿದ್ದ ಕೈ ತಿಳಿದಿದ್ದ ಸಂಗತಿಯಿದು.

ನಮ್ಮಲ್ಲಿ ಆ ಸಲಕರಣೆಗಳ ಜಾಗದಲ್ಲಿ ಇದ್ದದ್ದು ಪೇಟೆಯ ವೆಲ್ಡಿಂಗ್ ಶಾಪು. ಕೊನೆ ಕೊಯ್ಲಿಗೆ ಮೊದಲು ಅಲ್ಲಿ ಟ್ರೇಲರುಗಳ ಸಾಲು. ಹುಕ್ಕಿನ ಪಿನ್ನು ಸವೆದು ತೂತು ಅಗಲವಾಗಿರುತ್ತಿತ್ತು, ಗೇರು ಬದಲಿಸಿದಾಗಲೆಲ್ಲ ‘ಟಣ್’ ಎಂದು ಹೊಡೆಯುತ್ತಿತ್ತು. ಆ ಸಡಿಲದಲ್ಲೇ ಓಲಾಟ ಹುಟ್ಟುವುದು ಅಂತ ಶಾಪಿನ ಮೇಸ್ತ್ರಿ ತೂತಿಗೆ ಬುಶ್ ಕೂರಿಸಿ ಹೊಸ ಪಿನ್ನು ಹಾಕಿಕೊಡುತ್ತಿದ್ದರು. ಆಮೇಲೆ ಬ್ರೇಕು. ಚಕ್ರಗಳನ್ನು ಜಾಕಿಯಲ್ಲಿ ಎತ್ತಿ, ಒಂದೊಂದನ್ನೇ ಕೈಯಲ್ಲಿ ತಿರುಗಿಸಿ, ಎರಡೂ ಒಂದೇ ಬಿಗಿಯಲ್ಲಿ ನಿಲ್ಲುವ ತನಕ ಸರಳಿನ ನಟ್ಟು ತಿರುಗಿಸುತ್ತಿದ್ದರು. ಒಂದು ಚಕ್ರ ಮೊದಲು ಹಿಡಿದರೂ ಟ್ರೇಲರ್ ಆ ಕಡೆಗೆ ಎಳೆಯುತ್ತದೆ. ಮಳೆಗಾಲ ಮುಗಿದ ಹೊಸದರಲ್ಲಿ ಡ್ರಮ್ಮಿನೊಳಗೆ ಕೆಂಪು ಮಣ್ಣು ತುಂಬಿರುತ್ತಿತ್ತು, ಅದನ್ನು ತೆಗೆಯದೆ ಅವರು ನಟ್ಟು ಮುಟ್ಟುತ್ತಿರಲಿಲ್ಲ. ಹೊಸ ಟ್ರೇಲರ್ ಕಟ್ಟುವಾಗ ಅಚ್ಚನ್ನು ನಡುಮಧ್ಯಕ್ಕಿಂತ ತುಸು ಹಿಂದೆ ಕೂರಿಸುವುದು ಅವರ ಪದ್ಧತಿ. ಡ್ರೈವರ್ ಕೂರುವುದೂ ಟ್ರೇಲರಿನ ಮುಂತುದಿಯಲ್ಲಿ, ಅವನ ತೂಕವೂ ಹುಕ್ಕಿಗೇ. ಹಾಗಂತ ಅತಿ ಮಾಡುವಂತಿಲ್ಲ. ಮುಂಭಾರ ಮಿತಿಮೀರಿದರೆ ಏರಿನಲ್ಲಿ ಟಿಲ್ಲರಿನ ಮೂತಿ ಮೇಲೇಳುತ್ತದೆ.

ಟಾಟಾ ಏಸ್ 2005ರಲ್ಲಿ ಬಂತು, ಅದರ ಹಿಂದೆ ದೊಡ್ಡ ಪಿಕಪ್ಪುಗಳು. ತೋಟದ ದಾರಿಗಳಿಗೆ ಕಾಂಕ್ರೀಟು ಬಿದ್ದಲ್ಲೆಲ್ಲ ಪಿಕಪ್ ಅಂಗಳಕ್ಕೇ ಬರುತ್ತದೆ. ಟಿಲ್ಲರುಗಳು ಇನ್ನೂ ಇವೆ, ಆದರೆ ಟ್ರೇಲರ್ ಸಮೇತ ಇಳುಕಲು ಇಳಿಯಬಲ್ಲವರು ವರ್ಷ ವರ್ಷಕ್ಕೆ ಕಡಿಮೆಯಾಗುತ್ತಿದ್ದಾರೆ. ಅದೇ ಟ್ರೇಲರಿನಲ್ಲಿ ಕೆಲಸದವರನ್ನು ತುಂಬಿಕೊಂಡು ಹೋಗುವುದು ಮಾತ್ರ ನಿಂತಿಲ್ಲ. ಪಾಚಿ ಕಟ್ಟಿದ ಕಾಂಕ್ರೀಟಿನ ಮೇಲೆ, ಹೊಸ ಹುಡುಗನ ಕೈಯಲ್ಲಿ, ಹೆಂಗಸರು ಮಕ್ಕಳು ಕೂತ ಟ್ರೇಲರ್ ಇಳಿಯುವುದನ್ನು ಕಂಡಾಗ ನನ್ನ ಎದೆ ಝಲ್ಲೆನ್ನುತ್ತದೆ. ಟಿಲ್ಲರ್ ಮಾರುವವರು ಕೀಲಿಯ ಜೊತೆಗೆ ಇಳುಕಲಿನ ಪಾಠವನ್ನೂ ಹೇಳಿಕೊಡಬೇಕು, ಅದೂ ಇಳುಕಲಿನಲ್ಲೇ ನಿಲ್ಲಿಸಿಕೊಂಡು.

ಕಳೆದ ಸುಗ್ಗಿಯಲ್ಲಿ ನಮ್ಮ ಅಡಿಕೆ ಮೂಟೆ ಒಯ್ಯಲು ಬಂದ ಪಿಕಪ್ಪಿನ ಹುಡುಗ ಮೂಟೆಗಳನ್ನೆಲ್ಲ ಹಿಂದಿನ ಬಾಗಿಲಿನ ಹತ್ತಿರವೇ ಒಟ್ಟಿದ್ದ. ಇಳಿಸುವಾಗ ಸುಲಭ ಅಂತ. ಅಪ್ಪಯ್ಯ ಜಗಲಿಯಿಂದಲೇ ಕೇಳಿದರು:

‘ಏರು ಹತ್ತುವಾಗ ಸ್ಟೇರಿಂಗ್ ಹಗುರ ಆಗ್ತದಾ ತಮ್ಮ?’

‘ಹೌದು ಅಜ್ಜ, ನಿಮಗೆ ಹೇಗೆ ಗೊತ್ತಾಯ್ತು?’ ಅಂದ ಹುಡುಗ.

ಅಪ್ಪಯ್ಯ ಕೋಲೂರಿಕೊಂಡು ಅಂಗಳಕ್ಕೆ ಇಳಿದು ಬಂದು, ಮೂಟೆಗಳನ್ನೆಲ್ಲ ಕ್ಯಾಬಿನ್ನಿನ ಕಡೆಗೆ ಸರಿಸುವ ತನಕ ಪಿಕಪ್ಪಿನ ಪಕ್ಕದಲ್ಲೇ ನಿಂತಿದ್ದರು.