ಕೋಲು ವಾಲಿರಲಿಲ್ಲ

ಇತಿಹಾಸ, ಅರ್ಥಶಾಸ್ತ್ರಗಳನ್ನು ಓದುವ ನನಗೂ ಖಗೋಳವಿಜ್ಞಾನಕ್ಕೂ ಎಲ್ಲಿಯ ನಂಟು ಎಂದು ನಮ್ಮ ಅಧ್ಯಾಪಕರು ಹುಬ್ಬೇರಿಸಬಹುದು. ಆ ನಂಟನ್ನು ನಾನು ಬಯಸಿ ಕಟ್ಟಿಕೊಂಡದ್ದಲ್ಲ. ತಾನಾಗಿ ಬಂದು ಕೊರಳಿಗೆ ಬಿದ್ದದ್ದು. 2025ರ ಏಪ್ರಿಲ್‌ನಲ್ಲಿ ಕೆಲವು ದಿನ ತಿಪಟೂರಿನ ಹತ್ತಿರದ ನಮ್ಮ ಹಳ್ಳಿಗೆ ಹೋಗಿದ್ದೆ. ಶಾಲೆಗೆ ಬೇಸಗೆ ರಜ. ಅಕ್ಕನ ಮಗಳು, ಎಂಟು ವರ್ಷದವಳು, ತನ್ನ ಓರಗೆಯ ಐದಾರು ಮಕ್ಕಳನ್ನು ಸೇರಿಸಿಕೊಂಡು ಬೆಳಗಿನಿಂದ ಬೈಗಿನವರೆಗೆ ಮನೆಯಲ್ಲಿ ಯಾರಿಗೂ ನೆಮ್ಮದಿ ಇಲ್ಲದಂತೆ ಮಾಡಿದ್ದಳು. “ಅಷ್ಟು ಓದಿದ್ದೀಯ, ಈ ಕಪಿಸೈನ್ಯಕ್ಕೆ ಏನಾದರೂ ಹೇಳಿಕೊಡಬಾರದೇನೋ?” ಎಂದಳು ಅಮ್ಮ.

ಪುಸ್ತಕ ತೆರೆದರೆ ಆ ಸೈನ್ಯ ನಿಲ್ಲುವಂಥದಲ್ಲ. ಆಟದಂತೆ ಕಾಣುವ ಪಾಠವೇ ಬೇಕಾಗಿತ್ತು. ನಮ್ಮ ಹಿಂದಿನ ಜ್ಯೋತಿಷಿಗಳು ನೆಲದಲ್ಲಿ ಶಂಕುವನ್ನು, ಎಂದರೆ ಒಂದು ನೇರವಾದ ಕಡ್ಡಿಯನ್ನು ನೆಟ್ಟು, ಅದರ ನೆರಳಿನಿಂದಲೇ ದಿಕ್ಕನ್ನೂ ಹೊತ್ತನ್ನೂ ಅಳೆಯುತ್ತಿದ್ದರೆಂದು ಎಲ್ಲೋ ಓದಿದ್ದೆ. ಅಂಗಳದಲ್ಲಿ ಒಂದು ಮೀಟರ್ ಉದ್ದದ ಬಿದಿರು ಕೋಲನ್ನು ನೆಟ್ಟೆವು. ಹತ್ತು ನಿಮಿಷಕ್ಕೊಮ್ಮೆ ನೆರಳಿನ ತುದಿಗೆ ಒಂದೊಂದು ಹುಣಿಸೆ ಬೀಜವನ್ನಿಡುವುದು ಮಕ್ಕಳ ಕೆಲಸ. “ನೋಡುತ್ತಿರಿ, ಹನ್ನೆರಡು ಗಂಟೆಗೆ ಸರಿಯಾಗಿ ಸೂರ್ಯ ನೆತ್ತಿಯ ಮೇಲೆ ಬರುತ್ತಾನೆ, ನೆರಳು ಮಾಯವಾಗುತ್ತದೆ” ಎಂದು ನಾನು ಪಂಡಿತನಂತೆ ಸಾರಿದೆ.

ಹನ್ನೆರಡಾಯಿತು. ನೆರಳು ಮಾಯವಾಗಲಿಲ್ಲ. ಐದು ಬೆರಳಿನಷ್ಟು ಉದ್ದವಾಗಿ ಪಡುವಲಿಗೆ ಚಾಚಿಕೊಂಡು ಬಿದ್ದಿತ್ತು. ಮಕ್ಕಳು ಒಮ್ಮೆ ನೆರಳನ್ನು ನೋಡಿದರು, ಒಮ್ಮೆ ನನ್ನ ಮುಖವನ್ನು ನೋಡಿದರು.

ಈಗ ನಾನು ಮಾಡಿದ್ದನ್ನು ಬರೆಯಲು ನಾಚಿಕೆಯಾಗುತ್ತದೆ. “ಕೋಲು ವಾಲಿದೆ, ಅದಕ್ಕೇ ಹೀಗೆ” ಎಂದುಬಿಟ್ಟೆ. ಅಕ್ಕನ ಮಗಳು ಮಾತನಾಡಲಿಲ್ಲ. ಒಳಗೆ ಹೋಗಿ ದಾರ ತಂದಳು, ಅದಕ್ಕೊಂದು ಕಲ್ಲು ಕಟ್ಟಿದಳು, ಗಾರೆ ಕೆಲಸದವರು ಗೋಡೆಗೆ ಹಿಡಿಯುವಂತೆ ಕೋಲಿನ ಪಕ್ಕದಲ್ಲಿ ಇಳಿಬಿಟ್ಟಳು. ದಾರಕ್ಕೂ ಕೋಲಿಗೂ ಕೂದಲೆಳೆಯ ವ್ಯತ್ಯಾಸವಿರಲಿಲ್ಲ. “ವಾಲಿಲ್ಲ ಮಾಮ” ಎಂದಳು. ಅಷ್ಟೇ. ನಾನು ಊಟದ ನೆಪ ಹೇಳಿ ಒಳಗೆ ನಡೆದೆ. ಮಕ್ಕಳು ಮಾತ್ರ ಬಿಸಿಲಲ್ಲೇ ಕುಳಿತು ಬೀಜವಿಡುತ್ತ ಹೋದರು. ಆಮೇಲೆ ಬಂದು ವರದಿ ಒಪ್ಪಿಸಿದರು: ನೆರಳು ಎಲ್ಲಕ್ಕಿಂತ ಗಿಡ್ಡವಾದದ್ದು ಹನ್ನೆರಡೂ ಇಪ್ಪತ್ತು ದಾಟಿದ ಮೇಲೆ, ಆಗಲೂ ಮೂರು ಸೆಂಟಿಮೀಟರ್ ಉಳಿದಿತ್ತು, ಅದೂ ಬಡಗಲಿಗೆ.

ಆ ರಾತ್ರಿ ಮಲಗಿ ಯೋಚಿಸಿದಾಗ ಥಟ್ಟನೆ ಹೊಳೆಯಿತು. ಭಾರತದ ಗಡಿಯಾರಗಳೆಲ್ಲ ನಡೆಯುವುದು ಮಿರ್ಜಾಪುರದ ಬಳಿ ಹಾದುಹೋಗುವ 82.5 ಡಿಗ್ರಿ ಪೂರ್ವ ರೇಖಾಂಶದ ಲೆಕ್ಕದಲ್ಲಿ. ನಮ್ಮೂರು ಇರುವುದು ಸುಮಾರು 76.5ರಲ್ಲಿ. ಆರು ಡಿಗ್ರಿಗೆ, ಡಿಗ್ರಿಗೆ ನಾಲ್ಕು ನಿಮಿಷದಂತೆ, ಇಪ್ಪತ್ತನಾಲ್ಕು ನಿಮಿಷ ತಡ! ಈ ಲೆಕ್ಕವನ್ನೇ ಎಸ್.ಎಸ್.ಎಲ್.ಸಿ.ಯ ಭೂಗೋಳದಲ್ಲಿ ಬಿಡಿಸಿ ನಾನು ಪೂರ್ಣ ಅಂಕ ಗಳಿಸಿದ್ದೆ. ಆದರೆ ಆ ಇಪ್ಪತ್ತನಾಲ್ಕು ನಿಮಿಷ ನಮ್ಮ ಮನೆಯ ಅಂಗಳದಲ್ಲಿ ಬಿದ್ದಿದೆಯೆಂದು ಒಂದು ದಿನವೂ ಅನ್ನಿಸಿರಲಿಲ್ಲ.

ಮರುದಿನ ಮಕ್ಕಳನ್ನು ಕರೆದು, “ಕೋಲು ವಾಲಿರಲಿಲ್ಲ. ನನಗೆ ಗೊತ್ತಿರಲಿಲ್ಲ, ಅದಕ್ಕೆ ಹಾಗೆಂದೆ” ಎಂದು ಹೇಳಿದೆ. ಈ ಎರಡು ವಾಕ್ಯಗಳನ್ನು ಆಡಲು ಚರ್ಚಾಕೂಟದಲ್ಲಿ ಅರ್ಧ ಗಂಟೆ ಮಾತನಾಡುವುದಕ್ಕಿಂತ ಹೆಚ್ಚು ಧೈರ್ಯ ಬೇಕಾಯಿತು. ಮಕ್ಕಳೇನೂ ನಗಲಿಲ್ಲ. “ಹಾಗಾದರೆ ಯಾಕೆ?” ಎಂದು ಕೇಳಿದರು. ಕತ್ತಲೆಯ ಕೋಣೆಯಲ್ಲಿ ದೀಪ ಹಚ್ಚಿ, ಒಂದು ಮೋಸಂಬಿಗೆ ಎರಡು ಲವಂಗಗಳನ್ನು ಅಕ್ಕಪಕ್ಕದಲ್ಲಿ ಚುಚ್ಚಿದೆವು. ಮೂಡಲಲ್ಲಿರುವುದು ಮಿರ್ಜಾಪುರ, ಪಡುವಲಲ್ಲಿರುವುದು ನಮ್ಮೂರು. ಮೋಸಂಬಿಯನ್ನು ಪಡುವಲಿನಿಂದ ಮೂಡಲಿಗೆ ಮೆಲ್ಲಗೆ ತಿರುಗಿಸಿದಾಗ ಮಿರ್ಜಾಪುರದ ಲವಂಗವೇ ಮೊದಲು ದೀಪಕ್ಕೆ ನೇರವಾಗಿ ಬಂತು. ಒಬ್ಬ ಪುಟ್ಟ ಹುಡುಗ, “ಅವರಿಗೆ ಮೊದಲು ಮಧ್ಯಾಹ್ನ, ಆಮೇಲೆ ನಮಗೆ!” ಎಂದು ಕೂಗಿದ. ನಾನು ವಿವರಿಸುವುದಕ್ಕೆ ಏನೂ ಉಳಿಯಲಿಲ್ಲ.

ಬಡಗಲಿಗೆ ಉಳಿಯುತ್ತಿದ್ದ ನೆರಳಿನ ತುಣುಕು ಮಾತ್ರ ದಿನಕ್ಕೆ ಸುಮಾರು ಆರು ಮಿಲಿಮೀಟರಿನಂತೆ ಸವೆಯುತ್ತ ಬಂತು. ಏಪ್ರಿಲ್ 25ರಂದು, 12 ಗಂಟೆ 22 ನಿಮಿಷಕ್ಕೆ, ಅದು ಕೋಲಿನ ಬುಡದಲ್ಲಿ ಅಡಗಿಹೋಯಿತು. ಮಕ್ಕಳು ಲೋಟ, ಚೊಂಬು, ಎಣ್ಣೆಯ ಡಬ್ಬಿ ಎಲ್ಲವನ್ನೂ ತಂದು ನಿಲ್ಲಿಸಿದರು. ಒಂದಕ್ಕೂ ಪಕ್ಕದಲ್ಲಿ ನೆರಳಿಲ್ಲ. ಮುಂದಿನ ದಿನಗಳಲ್ಲಿ ನೆರಳು ತೆಂಕಲಿಗೆ ಹೊರಳಿತು. ಸೂರ್ಯ ನಮ್ಮನ್ನು ದಾಟಿ ಬಡಗಲಿಗೆ ನಡೆದಿದ್ದ. ಸೂರ್ಯ ದಿನವೂ ನೆತ್ತಿಯ ಮೇಲೆ ಬರುತ್ತಾನೆಂದು ನಂಬಿದ್ದ ನನಗೆ, ನಮ್ಮೂರಿನಲ್ಲಿ ಅವನು ಹಾಗೆ ಬರುವುದು ವರ್ಷಕ್ಕೆ ಎರಡೇ ದಿನವೆಂಬುದು ಹುಣಿಸೆ ಬೀಜಗಳಿಂದ ತಿಳಿಯಿತು. ದೆಹಲಿಯವರಿಗಂತೂ ಆ ಎರಡು ದಿನಗಳೂ ಇಲ್ಲ; ಕರ್ಕಾಟಕ ಸಂಕ್ರಾಂತಿ ವೃತ್ತದಾಚೆ ಅವನು ಎಂದಿಗೂ ನೆತ್ತಿಗೇರುವುದಿಲ್ಲ.

ಎರಡನೆಯ ದಿನ ಆಗಸ್ಟ್ 17, ಭಾನುವಾರ. ನಾನು ಹಾಸ್ಟೆಲಿನಲ್ಲಿದ್ದೆ. ಮಧ್ಯಾಹ್ನ ಅಕ್ಕನ ಫೋನಿನಿಂದ ಕರೆ ಬಂತು. “ಮಾಮ, ಮೋಡ ಇತ್ತು, ಆದರೂ ಸಿಕ್ಕಿತು! ಆದರೆ ಈ ಸಲ 12 ಗಂಟೆ 28 ನಿಮಿಷಕ್ಕೆ. ಆರು ನಿಮಿಷ ಯಾಕೆ ಹೆಚ್ಚಾಯಿತು?”

ಮಿರ್ಜಾಪುರವೂ ಕದಲಿಲ್ಲ, ನಮ್ಮೂರೂ ಕದಲಿಲ್ಲ. ಕೋಲಿನ ಮಾತು ಈ ಸಲ ನನ್ನ ಬಾಯಿಗೆ ಬರಲಿಲ್ಲ. “ಗೊತ್ತಿಲ್ಲಮ್ಮ, ನೋಡಿ ಹೇಳುತ್ತೇನೆ” ಎಂದೆ. ಗ್ರಂಥಾಲಯದಲ್ಲಿ ಎರಡು ಸಂಜೆ ಕುಳಿತ ಮೇಲೆ ಉತ್ತರ ದೊರಕಿತು. ಭೂಮಿ ಸೂರ್ಯನನ್ನು ಸುತ್ತುವ ಹಾದಿ ಪೂರ್ಣ ವೃತ್ತವಲ್ಲ, ಅದರ ಅಕ್ಷವೂ 23.5 ಡಿಗ್ರಿ ಓರೆ. ಆದ್ದರಿಂದ ನಿಜವಾದ ನಡುಹಗಲು ಗಡಿಯಾರದ ಸರಾಸರಿ ಲೆಕ್ಕಕ್ಕಿಂತ ಕೆಲವು ಕಾಲ ಮುಂದೆ, ಕೆಲವು ಕಾಲ ಹಿಂದೆ ಬೀಳುತ್ತದೆ.

ಫೋನಿನಲ್ಲಿ ಇದನ್ನೆಲ್ಲ ಹೇಳಿದೆ. ಆಕೆ ಸ್ವಲ್ಪ ಹೊತ್ತು ಸುಮ್ಮನಿದ್ದು, “ಹಾಗಾದರೆ ವಾಲಿದ್ದು ಭೂಮಿ, ಕೋಲಲ್ಲ” ಎಂದಳು.