ಗಾಳಿಯ ಬಾಗಿಲು

ಸ್ಟುಟ್‌ಗಾರ್ಟ್‌ನ ನಮ್ಮ ಮನೆ ಮಾಲೀಕರ ಹತ್ತಿರ 1986ರ ಪೋರ್ಷೆ 944 ಟರ್ಬೊ ಇದೆ. ಅದರ ಎಂಜಿನ್ನಿಗೆ ಹೋಗುವ ಗಾಳಿಯನ್ನು ಅಳೆಯುವುದು ಸ್ಪ್ರಿಂಗ್ ಕಟ್ಟಿದ ಒಂದು ಪುಟ್ಟ ಬಾಗಿಲು. ಗಾಳಿ ತಳ್ಳಿದಷ್ಟೂ ತೆರೆಯುತ್ತದೆ. ಎಷ್ಟು ತೆರೆಯಿತೆಂದು ನೋಡಿ ಕಂಪ್ಯೂಟರು ಪೆಟ್ರೋಲ್ ಬಿಡುತ್ತದೆ. ಜಾಣ ಉಪಾಯವೇ. ಆದರೆ ಅಳೆಯುವ ಬಾಗಿಲೇ ಗಾಳಿಗೆ ಅಡ್ಡ. ಟರ್ಬೊ ಒತ್ತಡ ಏರಿಸುತ್ತ ಹೋದರೆ ಅದು ಪೂರ್ತಿ ತೆರೆದು ನಿಲ್ಲುತ್ತದೆ. ಆಮೇಲೆ ಬರುವ ಗಾಳಿ ಅದರ ಲೆಕ್ಕಕ್ಕಿಲ್ಲ. ಪೆಟ್ರೋಲ್ ಸಾಲದೆ ಹೋದರೆ ಪಿಸ್ಟನ್ನೇ ಕರಗಬಹುದು.

ಬದಲಿಗೆ ಹಾಕುವ ಸೆನ್ಸರಿನಲ್ಲಿರುವುದು ಕೂದಲೆಳೆಯಂಥ ಬಿಸಿ ಪ್ಲಾಟಿನಂ ತಂತಿ. ಕಾಫಿಯನ್ನು ಊದಿ ಆರಿಸುವ ಹಾಗೆ ಗಾಳಿ ಅದನ್ನು ತಣಿಸುತ್ತದೆ. ಬಿಸಿ ಇಳಿಯದಿರಲು ಎಷ್ಟು ಕರೆಂಟು ಬೇಕಾಯಿತೋ ಅದೇ ಅಳತೆ. ಬಾಗಿಲು ಗಾಳಿಯ ಗಾತ್ರ ಹೇಳಿದರೆ ತಂತಿ ದ್ರವ್ಯರಾಶಿಯನ್ನೇ ಹೇಳುತ್ತದೆ. ಬೆಟ್ಟ ಹತ್ತಿ ಗಾಳಿ ತೆಳುವಾದರೂ ಮೋಸಹೋಗದು.

ಕೂರಿಸುವುದು ಸುಲಭ. ಹಳೆಯ ಕಂಪ್ಯೂಟರಿಗೆ ಬಾಗಿಲಿನ ಭಾಷೆ ಮಾತ್ರ ಗೊತ್ತಿರುವುದೇ ಕಷ್ಟ. ಅದರ ಚಿಪ್ ಬದಲಿಸಬೇಕು, ಇಲ್ಲವೇ ನಡುವೆ ಒಬ್ಬ ದುಭಾಷಿಯನ್ನಿಡಬೇಕು. ಜೊತೆಗೆ ಜರ್ಮನಿಯಲ್ಲಿ 30 ವರ್ಷ ದಾಟಿದ, ಮೂಲರೂಪ ಉಳಿಸಿಕೊಂಡ ಕಾರಿಗೆ ಸಿಗುವ ‘ಎಚ್’ ಅಕ್ಷರದ ನಂಬರ್ ಪ್ಲೇಟಿಗೂ ಸಂಚಕಾರ ಬರಬಹುದು.

ಪಿಎಚ್.ಡಿ.ಗೆ ಮಾಪನದೋಷಗಳನ್ನೇ ಓದುತ್ತಿರುವ ನನ್ನ ಮತ ತಂತಿಗೆ. ಮಾಲೀಕರಿಗೆ ಲೆಕ್ಕ ಬೇರೆ. ಆಕ್ಸಿಲರೇಟರ್ ಒತ್ತಿದ ಮೇಲೆ ಕಾರು ಒಂದು ಕ್ಷಣ ಯೋಚಿಸಿ ಹಾರುತ್ತಿತ್ತಂತೆ, ತೀರಿಕೊಂಡ ಹೆಂಡತಿ ಅದಕ್ಕೆ ನಗುತ್ತಿದ್ದರಂತೆ. ಆ ತಡ ಟರ್ಬೊದ್ದು, ಬಾಗಿಲಿನದಲ್ಲ ಎಂದೆ. “ನಿನಗೆ ಹೇಗೆ ಗೊತ್ತು?” ಎಂದರು. ತಪಾಸಣೆಯವರನ್ನು ಕೇಳಿದ ಮೇಲೆ ನೋಡೋಣವಂತೆ. ಹೊಸ ಸೆನ್ಸರ್ ಮಾತ್ರ ಆಗಲೇ ಬಂದು ಗ್ಯಾರೇಜಿನ ಶೆಲ್ಫಿನಲ್ಲಿ ಕೂತಿದೆ.