ಕುಟ್ಟದಲ್ಲಿ ಉತ್ತರ ಯಾವ ಕಡೆ?

ಗೋಣಿಕೊಪ್ಪಲಿನಿಂದ ಪೊನ್ನಂಪೇಟೆ, ಶ್ರೀಮಂಗಲಗಳನ್ನು ಹಾದು ತೆಂಕಣಕ್ಕೆ ಸಾಗುವ ರಸ್ತೆಯು ಕೊಡಗಿನ ನೆಲಕ್ಕೆ ವಿದಾಯ ಹೇಳುವುದು ಕುಟ್ಟದಲ್ಲಿ. ಒಂದು ಕಡೆ ಬ್ರಹ್ಮಗಿರಿಯ ಸಾಲು, ಇನ್ನೊಂದು ಕಡೆ ನಾಗರಹೊಳೆಯ ಕಾಡು, ಎದುರಿಗೆ ಕೇರಳದ ವಯನಾಡು. ನಡುವೆ ಕಾಫಿಯ ತೋಟಗಳು, ಮೆಣಸಿನ ಬಳ್ಳಿ ಹಬ್ಬಿದ ನೆರಳುಮರಗಳು. ಮಳೆಗಾಲದಲ್ಲಿ ಮಂಜು ಕವಿದು ಸೂರ್ಯನು ಮರೆಯಾದನೆಂದರೆ, ಹೊಸಬನಾದ ಪ್ರಯಾಣಿಕನಿಗೆ ಮೂಡಣ ಯಾವುದು, ಪಡುವಣ ಯಾವುದು ಎಂಬುದೇ ತಿಳಿಯದು. ದಿಕ್ಸೂಚಿಯ ಬೆಲೆ ಮನವರಿಕೆಯಾಗುವುದು ಇಂತಹ ಎಡೆಯಲ್ಲಿಯೇ.

ಅಂಗೈಯಲ್ಲಿ ಅಡಗುವ ಈ ಪುಟ್ಟ ಸಾಧನದ ಚರಿತ್ರೆ ದೊಡ್ಡದು. ಸೂಜಿಗಲ್ಲಿಗೆ ಉಜ್ಜಿದ ಸೂಜಿಯು ದಕ್ಷಿಣವನ್ನು ತೋರುವುದೆಂದೂ, ಆದರೆ ತುಸು ಪೂರ್ವಕ್ಕೆ ವಾಲುವುದೆಂದೂ ಚೀನದ ಶೆನ್ ಕುವೊ 1088ರ ಸುಮಾರಿಗೆ ಬರೆದಿಟ್ಟನು. ಹಿಂದೂ ಮಹಾಸಾಗರದ ನಾವಿಕರು ನೀರಿನಲ್ಲಿ ತೇಲುವ ಕಬ್ಬಿಣದ ಮೀನಿನಿಂದ ದಿಕ್ಕನ್ನು ಅರಿಯುತ್ತಿದ್ದರೆಂದು 1282ರ ಅರಬ್ಬೀ ಗ್ರಂಥವೊಂದು ತಿಳಿಸುತ್ತದೆ. ಭೂಮಿಯೇ ಒಂದು ಮಹಾ ಅಯಸ್ಕಾಂತವೆಂದು ವಿಲಿಯಂ ಗಿಲ್ಬರ್ಟನು 1600ರಲ್ಲಿ ವಿವರಿಸಿದ ಮೇಲೆ ಸೂಜಿಯ ಗುಟ್ಟು ಹೊರಬಿದ್ದಿತು.

ಲಿಂಗರಾಜೇಂದ್ರನು ಕೊಡಗನ್ನು ಆಳುತ್ತಿದ್ದಾಗ ಲೆಫ್ಟಿನೆಂಟ್ ಕಾನರನು ಈ ಸೀಮೆಯ ಮೋಜಣಿಯನ್ನು ನಡೆಸಿದನು. ಅವನ ವರದಿ 1870ರಲ್ಲಿ ಬೆಂಗಳೂರಿನಲ್ಲಿ ಅಚ್ಚಾಯಿತು. ಬಯಲಿನಲ್ಲಿ ಮೋಜಣಿದಾರನು ಶಿಖರದಿಂದ ಶಿಖರಕ್ಕೆ ಕೋನ ಅಳೆಯಬಲ್ಲನು. ಶಿಖರಗಳೇ ಕಾಣದ ಕಾಡಿನೊಳಗೆ ಸೂಜಿ, ಸರಪಳಿಗಳೇ ಅವನಿಗೆ ಗತಿ. ಅಲ್ಲಿಯೂ ಎಚ್ಚರ ಬೇಕು. ಪೊದೆ ಸವರುವ ಆಳು ಕತ್ತಿ ಹಿಡಿದು ಪಕ್ಕದಲ್ಲಿಯೇ ನಿಂತರೆ ಸೂಜಿಯು ಉತ್ತರವನ್ನು ಬಿಟ್ಟು ಕತ್ತಿಯ ಕಡೆಗೆ ಸರಿದೀತು!

ಆದರೆ ಕಾಡಿನಲ್ಲಿಯೇ ಹುಟ್ಟಿ ಬೆಳೆದ ಜೇನುಕುರುಬರಿಗೂ ಎರವರಿಗೂ ಸೂಜಿಯ ಹಂಗಿಲ್ಲ. ತೊರೆ ಇಳಿಯುವ ಕಡೆ, ಆನೆ ನಡೆದ ಜಾಡು, ಗುರುತಿನ ಮರ, ಇವೇ ಅವರ ದಿಕ್ಸೂಚಿ. ನಕ್ಷೆಯ ಮೇಲಿನ ಗೆರೆಯಾದರೋ ಅವರನ್ನು ಕೇಳಿ ಬಂದುದಲ್ಲ. 1956ರ ನವೆಂಬರ್ 1ರಂದು ಕೊಡಗು ಮೈಸೂರು ರಾಜ್ಯಕ್ಕೂ ವಯನಾಡು ಕೇರಳಕ್ಕೂ ಸೇರಿದುವು. ಈಚೆ ಎರವರೆನಿಸಿಕೊಳ್ಳುವ ಜನವೇ ಆಚೆ ಅಡಿಯರೆನಿಸಿಕೊಳ್ಳುವರು. ತಮ್ಮತಮ್ಮಲ್ಲಿ ಅವರು ರಾವುಳರು. ಒಂದೇ ಜನಕ್ಕೆ ಎರಡು ರಾಜ್ಯ, ಎರಡು ಶಾಲೆಯ ಭಾಷೆ.

ನೀರು ಮಾತ್ರ ಗೆರೆಯನ್ನು ಅರಿಯದು. ಕುಟ್ಟದ ಸಮೀಪದ ಇರ್ಪುವಿನಲ್ಲಿ ಧುಮುಕುವ ಲಕ್ಷ್ಮಣತೀರ್ಥವು ಈಶಾನ್ಯಕ್ಕೆ ಹರಿದು ಕೃಷ್ಣರಾಜಸಾಗರದಲ್ಲಿ ಕಾವೇರಿಯನ್ನು ಸೇರುತ್ತದೆ. ಬ್ರಹ್ಮಗಿರಿಯ ಆಚೆ ತಿರುನೆಲ್ಲಿಯ ತೊರೆಗಳು ಬೇರೆ ದಿಕ್ಕು ಹಿಡಿದರೂ, ಕಬಿನಿಯೊಡನೆ ಬೆರೆತು ತಿರುಮಕೂಡಲಿನಲ್ಲಿ ಅದೇ ಕಾವೇರಿಗೆ ಬಂದು ಕೂಡುತ್ತವೆ. ಸೂಜಿಯು ಪ್ರಯಾಣಿಕನಿಗೆ ಉತ್ತರವನ್ನು ತೋರಬಲ್ಲುದು. ಈ ನೆಲದ ನಂಟನ್ನು ತೋರಬಲ್ಲವರು ಇಲ್ಲಿಯ ಜನರೇ.